ಲಾರಿ ಓಡಿಸಿದವರ ಲೆಕ್ಕ

ಈ ಬಾರಿಯ ಸಂಕ್ರಾಂತಿಯ ಸಂಜೆ ನಮ್ಮ ಬೀದಿಯ ಹೆಣ್ಣುಮಕ್ಕಳು ಎಳ್ಳು ಬೀರಿ ಹೋದ ಮೇಲೆ ಎದುರು ಮನೆಯ ಹವಾಲ್ದಾರರು ಬಂದರು. ನನ್ನಾಕೆ ಕೊಟ್ಟ ಎಳ್ಳು ಬೆಲ್ಲವನ್ನು ಅಂಗೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಜೆ.ಪಿ. ನಗರದ ಏಳನೆಯ ಹಂತದ ಈ ಬೀದಿಗೆ ಅವರು ಮಗನೊಡನೆ ಬಂದು ಹತ್ತು ವರ್ಷಗಳಾಗಿರಬಹುದು. ಮಕ್ಕಳೆಲ್ಲ ಅವರನ್ನು ‘ಮಿಲಿಟ್ರಿ ತಾತ’ ಎನ್ನುತ್ತಾರೆ. ಬೆಳಗಿನ ಐದು ಗಂಟೆಗೆ ಎದ್ದು ತಮ್ಮ ಮನೆಯ ಮುಂದನ್ನಷ್ಟೇ ಅಲ್ಲದೆ ಎಡಬಲದ ಎರಡೆರಡು ಮನೆಗಳ ಮುಂದನ್ನೂ ಗುಡಿಸುವುದು ಅವರ ಪದ್ಧತಿ.

ಬಂದ ಕಾರಣವನ್ನು ಕೊನೆಗೆ ಹೇಳಿದರು. ನಮ್ಮ ಬಡಾವಣೆಯ ನಿವಾಸಿಗಳ ಸಂಘದವರು ಗಣರಾಜ್ಯೋತ್ಸವದ ದಿನ ಅವರಿಗೆ ಶಾಲು ಹೊದಿಸಿ ಸನ್ಮಾನ ಮಾಡಬೇಕೆಂದು ನಿರ್ಧರಿಸಿದ್ದರು. ಅದನ್ನು ಹೇಗಾದರೂ ತಪ್ಪಿಸಬೇಕು, ಸಂಘದವರಿಗೆ ನಾನು ಹೇಳಬೇಕು ಎಂಬುದು ಅವರ ಕೋರಿಕೆ.

‘ನಾನೇನು ಮಾಡಿದೀನಿ ಮೇಷ್ಟ್ರೇ? ಲಾರಿ ಓಡಿಸಿದೋನು. ಬಂದೂಕ ಹಿಡಿದಿದ್ದು ಟ್ರೈನಿಂಗಿನಲ್ಲಿ, ಆಮೇಲೆ ವರ್ಷಕ್ಕೊಂದ್ಸಲ ಗುರಿ ಪರೀಕ್ಷೆಗೆ. ನನಗೆ ಶಾಲು ಹೊದಿಸಿದರೆ ನಿಜವಾಗಿ ಕಾದಾಡಿದೋರಿಗೆ ಅವಮಾನ ಅಲ್ವಾ?’

ನಾನು ಥಟ್ಟನೆ ಉತ್ತರ ಕೊಡಲಿಲ್ಲ. ಅವರ ಮಾತನ್ನು ಇಪ್ಪತ್ತೈದು ವರ್ಷಗಳ ಹಿಂದೆ ಆಡಿದ್ದವನು ನಾನೇ. ಆ ಸಂಗತಿಯನ್ನು ಇಲ್ಲಿ ಬರೆಯದೆ ಮುಂದಕ್ಕೆ ಹೋದರೆ ಈ ಲೇಖನಕ್ಕೆ ಅರ್ಥವಿರುವುದಿಲ್ಲ.

2000ನೆಯ ಇಸವಿಯ ಆಗಸ್ಟ್ 15. ಹಿಂದಿನ ವರ್ಷ ಕಾರ್ಗಿಲ್ ಯುದ್ಧ ನಡೆದಿತ್ತು. 527 ಯೋಧರು ಮಡಿದಿದ್ದರು. ಶವಪೆಟ್ಟಿಗೆಗಳು ಊರೂರಿಗೆ ಬಂದದ್ದನ್ನು ದೇಶ ಮೊದಲ ಬಾರಿಗೆ ಮನೆಮನೆಯ ದೂರದರ್ಶನದಲ್ಲಿ ನೋಡಿತ್ತು. ನಾನಾಗ ಮುಖ್ಯೋಪಾಧ್ಯಾಯನಾಗಿದ್ದ ಶಾಲೆಯಲ್ಲಿ ಸ್ವಾತಂತ್ರ್ಯೋತ್ಸವಕ್ಕೆ ಒಬ್ಬ ಸೈನಿಕರನ್ನು ಕರೆಯಬೇಕೆಂದು ಯೋಚಿಸಿದೆವು. ಒಬ್ಬ ಸಹೋದ್ಯೋಗಿ, ‘ನಮ್ಮ ಎಂಟನೆಯ ತರಗತಿಯ ಹುಡುಗಿಯೊಬ್ಬಳ ತಂದೆ ಸೇನೆಯಿಂದ ಈಗಷ್ಟೇ ನಿವೃತ್ತರಾಗಿ ಬಂದಿದ್ದಾರೆ, ಕಾರ್ಗಿಲ್ ಕಡೆಯಲ್ಲೇ ಇದ್ದರಂತೆ’ ಎಂದರು. ನಾನು ಕೇಳಿದ ಮೊದಲ ಪ್ರಶ್ನೆ, ‘ಯುದ್ಧ ಮಾಡಿದ್ದಾರೆಯೇ?’ ಎಂಬುದು. ‘ಇಲ್ಲ, ಸರಬರಾಜು ದಳದಲ್ಲಿ ಲಾರಿ ಚಾಲಕರು’ ಎಂಬ ಉತ್ತರ ಬಂತು. ‘ಹಾಗಿದ್ದರೆ ಬೇಡ. ಮಕ್ಕಳು ಯುದ್ಧದ ಅನುಭವ ಕೇಳಬೇಕು. ಲಾರಿ ಓಡಿಸಿದ ಕಥೆ ಕೇಳಿ ಏನು ಮಾಡುತ್ತಾರೆ?’ ಎಂದು ನಾನು ಹೇಳಿದೆ. ಬೇರೊಬ್ಬ ಅಧಿಕಾರಿಯನ್ನು ಕರೆಸಿದೆವು. ಅವರು ಚೆನ್ನಾಗಿಯೇ ಮಾತನಾಡಿದರು. ಆ ಲಾರಿ ಚಾಲಕರು ಪೋಷಕರ ನಡುವೆ ಹಿಂದಿನ ಸಾಲಿನಲ್ಲಿ ನಿಂತಿದ್ದರೆಂದು ಆಮೇಲೆ ತಿಳಿಯಿತು.

ಆ ಚಾಲಕರೇ ಇಂದು ನಮ್ಮ ಎದುರು ಮನೆಯ ಹವಾಲ್ದಾರರು. ಬೀದಿಗೆ ಅವರು ಬಂದ ಮೊದಲ ತಿಂಗಳಲ್ಲೇ, ‘ನನ್ನ ಮಗಳು ನಿಮ್ಮ ಶಾಲೆಯಲ್ಲಿ ಓದಿದ್ದು ಸಾರ್’ ಎಂದು ಪರಿಚಯ ಹೇಳಿಕೊಂಡಿದ್ದರು. ನನಗೆ ಎಲ್ಲವೂ ನೆನಪಿಗೆ ಬಂದಿತ್ತು. ಆದರೆ ಹೇಳುವ ಧೈರ್ಯ ಹತ್ತು ವರ್ಷ ಬರಲಿಲ್ಲ.

ಅಂದಿನಿಂದ ನಾನು ಮತ್ತೆ ಮತ್ತೆ ಯೋಚಿಸಿರುವುದು ಇಷ್ಟು. ಸೈನ್ಯದಿಂದ ಮರಳಿ ಬಂದವರು ತಮ್ಮ ಸೇವೆಯನ್ನು ಯಾವ ಅಳತೆಗೋಲಿನಿಂದ ಅಳೆದುಕೊಳ್ಳುತ್ತಾರೆ? ಆ ಕೋಲನ್ನು ಅವರ ಕೈಗೆ ಕೊಟ್ಟವರು ಯಾರು?

ಕನ್ನಡಿಗರ ಮಟ್ಟಿಗೆ ಇದು ಬಹಳ ಹಳೆಯ ವಿಷಯ. ನಮ್ಮ ಬಡಾವಣೆಯಿಂದ ಬನ್ನೇರುಘಟ್ಟ ರಸ್ತೆಯನ್ನು ದಾಟಿ ಹೋದರೆ ಬೇಗೂರು ದೂರವೇನಲ್ಲ. ಅಲ್ಲಿಯ ನಾಗೇಶ್ವರ ದೇವಾಲಯದ ಆವರಣದಲ್ಲಿ ಸುಮಾರು ಕ್ರಿ.ಶ. 890ರ ಕಾಲದ ಶಾಸನವೊಂದಿದೆ. ‘ಬೆಂಗಳೂರು’ ಎಂಬ ಹೆಸರು ಕಾಣಿಸಿಕೊಳ್ಳುವ ಅತ್ಯಂತ ಹಳೆಯ ಬರಹ ಅದು ಎಂದು ನಿಮ್ಮಲ್ಲಿ ಹಲವರು ಓದಿರುತ್ತೀರಿ. ಆ ಹೆಸರು ಬಂದಿರುವುದು ಯಾವ ಸಂದರ್ಭದಲ್ಲಿ? ಬೆಂಗಳೂರಿನ ಕಾಳಗದಲ್ಲಿ ಬುಟ್ಟಣಶೆಟ್ಟಿ ಎಂಬವನು ಮಡಿದ ಸಂದರ್ಭದಲ್ಲಿ. ನಮ್ಮ ಊರಿನ ಹೆಸರೇ ಒಬ್ಬ ಸತ್ತ ಯೋಧನ ಜೊತೆಯಲ್ಲಿ ಚರಿತ್ರೆಗೆ ಬಂದಿದೆ. ಆ ಕಾಳಗದಲ್ಲಿ ಹೋರಾಡಿ ಮನೆಗೆ ಮರಳಿದವರೂ ಇದ್ದಿರಲೇಬೇಕು. ಅವರ ಹೆಸರು ಕಲ್ಲಿನ ಮೇಲಿಲ್ಲ.

ವೀರಗಲ್ಲು ನಮ್ಮ ನಾಡಿನ ಹೆಮ್ಮೆ. ತುರುಗಳನ್ನು ಕಾಯುತ್ತ ಸತ್ತವನಿಗೂ, ಊರಿನ ಗಡಿ ಕಾಯುತ್ತ ಸತ್ತವನಿಗೂ ಒಂದು ಕಲ್ಲು ನಿಲ್ಲಿಸಿದ ಸಮಾಜ ನಮ್ಮದು. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಅಪ್ಸರೆಯರು ಕರೆದೊಯ್ಯುವ ನೋಟ, ಮೇಲೆ ಶಿವಸಾನ್ನಿಧ್ಯ. ಈ ಮೂರು ಮೆಟ್ಟಿಲುಗಳಲ್ಲಿ ‘ಮನೆಗೆ ಮರಳಿದ’ ಎಂಬ ಮೆಟ್ಟಿಲಿಲ್ಲ. ಗೆದ್ದವನಿಗೆ ಸಿರಿ, ಮಡಿದವನಿಗೆ ಸ್ವರ್ಗ ಎಂಬುದು ಆ ಕಾಲದ ನಂಬಿಕೆ. ಗೆಲ್ಲುವ ಪಡೆಯಲ್ಲಿದ್ದು ಸಿರಿಯನ್ನೂ ಪಡೆಯದೆ, ಸಾಯದೆ, ಸುಮ್ಮನೆ ಊರಿಗೆ ಬಂದು ಹೊಲ ಉತ್ತವನಿಗೆ ಏನು ಎಂಬುದನ್ನು ಯಾರೂ ಹೇಳಲಿಲ್ಲ.

ಒಂದು ಅಪವಾದ ನನಗೆ ತುಂಬ ಪ್ರಿಯವಾದುದು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ, ಕ್ರಿ.ಶ. 949-50ರದ್ದು, ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಬೂತುಗನ ಕಡೆಯ ಮಣಲೆರ ಎಂಬ ಯೋಧ ತಕ್ಕೋಲದಲ್ಲಿ ಚೋಳರ ವಿರುದ್ಧ ಪರಾಕ್ರಮದಿಂದ ಹೋರಾಡಿ ಬದುಕಿ ಬಂದ. ಮೆಚ್ಚಿದ ದೊರೆ ‘ಬೇಡಿಕೋ’ ಎಂದಾಗ ಆತ ಕೇಳಿದ್ದು ಕಾಳಿ ಎಂಬ ಹೆಸರಿನ ಒಂದು ನಾಯಿಯನ್ನು. ಮುಂದೆ ಆ ನಾಯಿ ಕಾಡುಹಂದಿಯೊಡನೆ ಸೆಣಸಿ ಸತ್ತಾಗ ಅದಕ್ಕೆ ಕಲ್ಲು ನಿಲ್ಲಿಸಲಾಯಿತು. ನಾಯಿಯ ಕಲ್ಲಿನಿಂದಾಗಿ ನಮಗೆ ಮಣಲೆರನ ಹೆಸರು ಗೊತ್ತು. ಈ ಕಥೆಯನ್ನು ತರಗತಿಯಲ್ಲಿ ನಾನು ಹೇಳುತ್ತಿದ್ದಾಗ ನೀವೆಲ್ಲ ನಗುತ್ತಿದ್ದಿರಿ, ನಾನೂ ನಗುತ್ತಿದ್ದೆ. ಈಗ ನಗು ಬರುವುದಿಲ್ಲ. ಮಹಾಯುದ್ಧದಿಂದ ಮರಳಿದ ಒಬ್ಬನಿಗೆ ಊರಲ್ಲ, ಪಟ್ಟವಲ್ಲ, ಒಂದು ಪ್ರಾಣಿಯ ಸಂಗ ಸಾಕೆನಿಸಿದ್ದರಲ್ಲಿ ಏನೋ ಇದೆ. ತನ್ನ ಪರಾಕ್ರಮಕ್ಕೆ ತಾನೇ ಕಟ್ಟಿಕೊಂಡ ಬೆಲೆ ಅದು.

ಇಂದಿನ ಸೇನೆಗೂ ತನ್ನದೇ ಅಳತೆಗಳಿವೆ. ಪದಕಗಳಲ್ಲಿ ಎಲ್ಲಕ್ಕಿಂತ ಎತ್ತರದ್ದು ಪರಮವೀರ ಚಕ್ರ. ಸ್ವಾತಂತ್ರ್ಯಾನಂತರ ಅದು ಸಂದಿರುವುದು 21 ಮಂದಿಗೆ, ಅವರಲ್ಲಿ 14 ಮಂದಿಗೆ ಮರಣೋತ್ತರವಾಗಿ. ಕೊನೆಯ ನಾಲ್ಕು ಸಂದದ್ದು 1999ರ ಕಾರ್ಗಿಲ್ ಯುದ್ಧಕ್ಕೆ. ಪದಕ ಪಡೆದವರ ಅರ್ಹತೆಯ ಬಗ್ಗೆ ನನ್ನ ಮಾತಿಲ್ಲ. ಆದರೆ ಪದಕ ಬರಬೇಕಾದರೆ ಸಾಹಸ ನಡೆದರೆ ಸಾಲದು, ಅದನ್ನು ಒಬ್ಬರು ಕಂಡಿರಬೇಕು, ಕಂಡವರು ಬದುಕಿರಬೇಕು, ಬದುಕಿದವರು ಬರೆದಿರಬೇಕು.

ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ ಅವರ ವಿಷಯವನ್ನೇ ನೋಡಿ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರಗೋಧಾ ವಾಯುನೆಲೆಯ ಮೇಲೆ ದಾಳಿ ಮಾಡಲು ಹೊರಟ ಮಿಸ್ಟೇರ್ ವಿಮಾನಗಳಲ್ಲಿ ಅವರದು ಮೀಸಲು ಸ್ಥಾನ. ಬೇರೊಂದು ವಿಮಾನ ಹೊರಡಲಾಗದ್ದರಿಂದ ಅವರು ಹೊರಟರು. ಮರಳಲಿಲ್ಲ. ‘ಕಾಣೆಯಾಗಿದ್ದಾರೆ’ ಎಂಬುದಷ್ಟೇ ನಮ್ಮ ಕಡೆಯ ದಾಖಲೆ. ತಮಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನವೊಂದರ ಮೇಲೆ, ತಮ್ಮ ವಿಮಾನಕ್ಕೆ ಪೆಟ್ಟು ಬಿದ್ದ ಮೇಲೂ ತಿರುಗಿಬಿದ್ದು ಅದನ್ನು ಉರುಳಿಸಿದವರು ದೇವಯ್ಯ ಎಂಬ ಸಂಗತಿ ಹೊರಬಿದ್ದದ್ದು ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕರು ಪಾಕಿಸ್ತಾನದ ಕಡೆಯ ವಿವರಗಳನ್ನು ಕಲೆಹಾಕಿ ಪುಸ್ತಕ ಬರೆದ ಮೇಲೆ. ಮಹಾವೀರ ಚಕ್ರವನ್ನು ಅವರ ಪತ್ನಿ ಸ್ವೀಕರಿಸಿದ್ದು 1988ರಲ್ಲಿ, ಇಪ್ಪತ್ತಮೂರು ವರ್ಷಗಳ ನಂತರ. ಫ್ರಿಕರ್ ಆ ಪುಸ್ತಕವನ್ನು ಬರೆಯದೇ ಇದ್ದಿದ್ದರೆ? ದೇವಯ್ಯನವರು ಮಾಡಿದ್ದರಲ್ಲಿ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುತ್ತಿರಲಿಲ್ಲ. ನಮ್ಮ ತಿಳಿವಳಿಕೆ ಮಾತ್ರ ಕಡಿಮೆಯಾಗಿರುತ್ತಿತ್ತು.

ಹಾಗಾದರೆ ಕಾದಾಡಿದವರ ಲೆಕ್ಕವೇ ಹೀಗೆ ಆಕಸ್ಮಿಕವಾದರೆ, ಕಾದಾಡದವರ ಲೆಕ್ಕ ಏನಾಗಬೇಕು?

1948ರ ನವೆಂಬರ್ 1ರಂದು ಜೋಜಿಲಾ ಕಣಿವೆಯನ್ನು ನಮ್ಮ ಸೇನೆ ಗೆದ್ದದ್ದು ಚರಿತ್ರೆಯ ಪುಸ್ತಕಗಳಲ್ಲಿದೆ. ಪಶ್ಚಿಮದ ಸೇನಾ ಹೊಣೆ ಕಾರ್ಯಪ್ಪನವರದು, ಡಿವಿಷನ್ನಿನ ಹೊಣೆ ತಿಮ್ಮಯ್ಯನವರದು, ಇಬ್ಬರೂ ಕೊಡಗಿನವರು. 11,500 ಅಡಿಗೂ ಮೀರಿದ ಆ ಎತ್ತರಕ್ಕೆ ಟ್ಯಾಂಕುಗಳು ಬರಬಹುದೆಂದು ಎದುರಾಳಿಗಳು ಕನಸಿನಲ್ಲೂ ಎಣಿಸಿರಲಿಲ್ಲ. ಟ್ಯಾಂಕುಗಳೇನೋ ಹೋದವು. ಅವು ಹೋಗಲು ದಾರಿ? ಹೇಸರಗತ್ತೆಗಳು ನಡೆಯುವ ಕಿರುದಾರಿಯನ್ನು ಕಡಿದು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್, ನಮ್ಮ ಹಲಸೂರಿನಲ್ಲೇ ಕೇಂದ್ರವಿರುವ ದಳದವರು. ಅವರ ಕೈಯಲ್ಲಿದ್ದದ್ದು ಗುದ್ದಲಿ, ಹಾರೆ, ಸಿಡಿಮದ್ದು. ಜೋಜಿಲಾ ಎಂದರೆ ನಮಗೆ ಟ್ಯಾಂಕು ನೆನಪಾಗುತ್ತದೆ, ತಿಮ್ಮಯ್ಯ ನೆನಪಾಗುತ್ತಾರೆ. ಹಾರೆ ಹಿಡಿದವನು ನೆನಪಾಗುವುದಿಲ್ಲ. ಅವನೂ ತನ್ನ ಮೊಮ್ಮಕ್ಕಳ ಮುಂದೆ, ‘ನಾನೇನು ಮಾಡಿದೆ, ಮಣ್ಣು ಅಗೆದೆ’ ಎಂದೇ ಹೇಳಿರಬೇಕು.

‘ಶತ್ರುವನ್ನು ಕಂಡಿರಾ?’ ಎಂಬ ನಮ್ಮ ಪ್ರಶ್ನೆ ಎಷ್ಟು ಪೊಳ್ಳು ಎಂಬುದಕ್ಕೆ ಸಿಯಾಚಿನ್ ಸಾಕು. 2016ರ ಫೆಬ್ರವರಿ 3ರಂದು ಅಲ್ಲಿ ಹಿಮದ ಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ಅವರಲ್ಲಿ ಮೂವರು ಕರ್ನಾಟಕದವರು: ಹಾಸನದ ಕಡೆಯ ಸುಬೇದಾರ್ ನಾಗೇಶ, ಎಚ್.ಡಿ. ಕೋಟೆಯ ಕಡೆಯ ಸಿಪಾಯಿ ಮಹೇಶ, ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಆರನೆಯ ದಿನ ಹನುಮಂತಪ್ಪನವರು ಜೀವಂತವಾಗಿ ಸಿಕ್ಕಾಗ ಇಡೀ ನಾಡು ದೇವರಿಗೆ ಕೈಮುಗಿಯಿತು. ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಅಲ್ಲಿ ಯಾವ ಶತ್ರುವಿನ ಗುಂಡೂ ಹಾರಿರಲಿಲ್ಲ. ಆ ಹಿಮದ ಎತ್ತರದಲ್ಲಿ ಗುಂಡಿಗಿಂತ ಹವೆಯೇ ಹೆಚ್ಚು ಜನರನ್ನು ಕೊಂದಿದೆ. ಹನುಮಂತಪ್ಪನವರು ಆ ದಿನ ಬೇರೆ ಠಾಣೆಯಲ್ಲಿದ್ದು, ಸರದಿ ಮುಗಿಸಿ, ಪಿಂಚಣಿ ಪಡೆದು ಬೆಟದೂರಿಗೆ ಮರಳಿದ್ದರೆ ಅವರ ಸೇವೆ ಒಂದು ತೂಕ ಕಡಿಮೆಯಾಗುತ್ತಿತ್ತೇ? ಅದೇ ಚಳಿ, ಅದೇ ಕಾವಲು, ಅದೇ ಅಪಾಯ. ವ್ಯತ್ಯಾಸವೊಂದೇ, ಹಿಮ ಬೀಳಲಿಲ್ಲ ಎಂಬುದು.

ಇನ್ನೊಂದು ಬಗೆಯ ಸಂಕಟವೂ ಇದೆ. ಅದನ್ನು ನನಗೆ ತಿಳಿಸಿದವನು ನನ್ನ ಹಳೆಯ ವಿದ್ಯಾರ್ಥಿ. ಗಣಿತದಲ್ಲಿ ಎರಡು ಸಲ ನಪಾಸಾದ ಹುಡುಗ. ‘ನೀನು ಓದಿನಿಂದ ಉದ್ಧಾರವಾಗುವವನಲ್ಲ, ಮಿಲಿಟರಿಗೆ ಹೋಗಿ ಸೇರು’ ಎಂದು ಬೈದವನು ನಾನು; ಇದೂ ನನ್ನ ಲೆಕ್ಕಕ್ಕೇ ಸೇರಬೇಕಾದ ತಪ್ಪು. ಹುಡುಗ ನಿಜವಾಗಿಯೂ ಸೇರಿದ. ಶಾಂತಿಪಾಲನಾ ಪಡೆಯ ಜೊತೆಯಲ್ಲಿ ಶ್ರೀಲಂಕೆಯ ಜಾಫ್ನಾಕ್ಕೆ ಹೋದ. ಒಂದು ಕಿವಿಯ ಶ್ರವಣಶಕ್ತಿ ಕಳೆದುಕೊಂಡು ಬಂದ. 1987ರಿಂದ 1990ರ ತನಕ ಅಲ್ಲಿ ನಮ್ಮ ಸುಮಾರು 1,200 ಯೋಧರು ಸತ್ತರು. ಕೊನೆಯ ತುಕಡಿಗಳು 1990ರ ಮಾರ್ಚಿಯಲ್ಲಿ ಹಡಗಿನಲ್ಲಿ ಮದ್ರಾಸಿಗೆ ಬಂದಿಳಿದಾಗ ತಮಿಳುನಾಡಿನ ಅಂದಿನ ಮುಖ್ಯಮಂತ್ರಿ ಕರುಣಾನಿಧಿಯವರು ಅವರನ್ನು ಸ್ವಾಗತಿಸಲು ಹೋಗಲಿಲ್ಲ. ಅವರಿಗೆ ಅವರದೇ ಆದ ಕಾರಣಗಳಿದ್ದವು. ಆದರೆ ಹಡಗಿನಿಂದ ಇಳಿದ ಸಿಪಾಯಿಗೆ ಆ ರಾಜಕೀಯ ಏನು ಗೊತ್ತು?

ಆ ಶಿಷ್ಯ ಕೆಲವು ವರ್ಷಗಳ ಹಿಂದೆ ನಮ್ಮ ಮನೆಗೆ ಬಂದಿದ್ದಾಗ ಕೇಳಿದ: ‘ಸಾರ್, ಕಾರ್ಗಿಲ್‌ನಲ್ಲಿದ್ದವರು ನಮ್ಮ ನೆಲ ಬಿಡಿಸಿದೆವು ಅಂತಾರೆ. ಎಪ್ಪತ್ತೊಂದರವರು ಒಂದು ದೇಶಾನೇ ಹುಟ್ಟಿಸಿದೆವು ಅಂತಾರೆ. ನಾವು ಏನಂತ ಹೇಳ್ಬೇಕು ಸಾರ್? ಹೋಗಬಾರದಿತ್ತು ಅಂತ ಎಲ್ಲರೂ ಹೇಳ್ತಾರೆ. ಹಾಗಿದ್ರೆ ನನ್ನ ಜೊತೆಯವರು ಸತ್ತಿದ್ದು ಯಾಕೆ?’

ಗಣಿತದ ತಪ್ಪನ್ನು ತಿದ್ದಿದಷ್ಟು ಸುಲಭವಾಗಿ ನಾನು ಇದಕ್ಕೆ ಉತ್ತರಿಸಲಾರದೆ ಹೋದೆ. ಇಂದು ಉತ್ತರಿಸುವುದಾದರೆ ಹೀಗೆ ಹೇಳುತ್ತೇನೆ. ಯುದ್ಧಕ್ಕೆ ಎರಡು ಖಾತೆಗಳಿವೆ. ಹೋಗಬೇಕೇ ಬೇಡವೇ ಎಂಬುದು ಸರ್ಕಾರದ ಖಾತೆ. ಅದರ ಲೆಕ್ಕವನ್ನು ಪ್ರಜೆಗಳಾದ ನಾವು ನಿರ್ದಾಕ್ಷಿಣ್ಯವಾಗಿ ಕೇಳಬೇಕು. ಹೋದ ಮೇಲೆ ಹೇಗೆ ನಡೆದುಕೊಂಡೆ ಎಂಬುದು ಸಿಪಾಯಿಯ ಖಾತೆ. ಜೊತೆಯವನನ್ನು ಬಿಟ್ಟು ಓಡಿದೆಯಾ, ನಿರಾಯುಧನ ಮೇಲೆ ಕೈ ಮಾಡಿದೆಯಾ, ಒಪ್ಪಿದ ಕೆಲಸವನ್ನು ಮಾಡಿದೆಯಾ? ಈ ಪ್ರಶ್ನೆಗಳಿಗೆ ಅವನು ಉತ್ತರ ಕೊಡಬೇಕು, ತನಗೇ ಕೊಟ್ಟುಕೊಳ್ಳಬೇಕು. ಮೊದಲ ಖಾತೆಯ ನಷ್ಟವನ್ನು ಎರಡನೆಯ ಖಾತೆಗೆ ಬರೆಯುವುದು ಅನ್ಯಾಯ. ಹಾಗೆಯೇ ಗೆದ್ದ ಯುದ್ಧದ ಲಾಭವನ್ನು, ಅದರಲ್ಲಿ ಹೇಗೇ ನಡೆದುಕೊಂಡಿರಲಿ, ಎಲ್ಲರ ಖಾತೆಗೂ ಹಂಚುವುದು ಸರಿಯಲ್ಲ. ನಮ್ಮ ಹಳೆಯ ಕವಿಗಳು ‘ಜೋಳದ ಪಾಳಿ’ ಎಂದದ್ದು ಇಂಥದ್ದನ್ನೇ. ಕರ್ಣನನ್ನು ನಾವು ಸಾವಿರ ವರ್ಷಗಳಿಂದ ಮೆಚ್ಚಿಕೊಂಡು ಬಂದಿರುವುದು ದುರ್ಯೋಧನನ ಯುದ್ಧ ನ್ಯಾಯವಾಗಿತ್ತೆಂದು ಅಲ್ಲವಷ್ಟೆ.

ಹಣದ ಅಳತೆಯನ್ನೂ ಮರೆಯುವಂತಿಲ್ಲ. ಸಿಪಾಯಿಗೆ ಪಿಂಚಣಿ ದೊರೆಯಲು ಹದಿನೈದು ವರ್ಷದ ಸೇವೆ ಬೇಕು. ಹದಿನೆಂಟು ಇಪ್ಪತ್ತರಲ್ಲಿ ಸೇರಿದವನು ಮೂವತ್ತೈದು ನಲವತ್ತರಲ್ಲಿ, ಮಕ್ಕಳು ಇನ್ನೂ ಪ್ರಾಥಮಿಕ ಶಾಲೆಯಲ್ಲಿರುವಾಗ ‘ಮಾಜಿ’ಯಾಗುತ್ತಾನೆ. ನಾನು ಐವತ್ತೆಂಟರ ತನಕ ಸಂಬಳ ಎಣಿಸಿದವನು. ಈ ವ್ಯತ್ಯಾಸ ನನಗೆ ಬಹಳ ಕಾಲ ಹೊಳೆದಿರಲಿಲ್ಲ. ಒಂದೇ ದರ್ಜೆ, ಅಷ್ಟೇ ಸೇವೆ, ಆದರೆ ನಿವೃತ್ತಿಯ ವರ್ಷ ಬೇರೆಯೆಂಬ ಕಾರಣಕ್ಕೆ ಬೇರೆ ಪಿಂಚಣಿ ಎಂಬುದರ ವಿರುದ್ಧ ಅವರು ದಶಕಗಳ ಕಾಲ ಹೋರಾಡಿದರು. 2009ರಲ್ಲಿ ಬಹಳ ಮಂದಿ ತಮ್ಮ ಪದಕಗಳನ್ನು ರಾಷ್ಟ್ರಪತಿ ಭವನಕ್ಕೆ ಮರಳಿಸಿದರು. 2015ರ ಬೇಸಿಗೆಯಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ಕುಳಿತರು. ‘ಒಂದು ದರ್ಜೆ ಒಂದು ಪಿಂಚಣಿ’ಯ ಆದೇಶ ಹೊರಟದ್ದು ಆ ವರ್ಷದ ನವೆಂಬರಿನಲ್ಲಿ, 2014ರ ಜುಲೈ 1ರಿಂದ ಅನ್ವಯವಾಗುವಂತೆ. ‘ದೇಶಸೇವೆ ಮಾಡಿದವರು ಹಣಕ್ಕಾಗಿ ಬೀದಿಗಿಳಿಯುವುದೇ?’ ಎಂದು ಆಗ ಮೂಗು ಮುರಿದವರನ್ನು ಕಂಡಿದ್ದೇನೆ. ಅವರು ಕೇಳಿದ್ದು ಹಣವನ್ನಷ್ಟೇ ಅಲ್ಲ ಎಂದು ನನ್ನ ಭಾವನೆ. 1980ರಲ್ಲಿ ಕಾದ ಗಡಿಗೂ 2010ರಲ್ಲಿ ಕಾದ ಗಡಿಗೂ ಬೆಲೆ ಒಂದೇ ಎಂದು ಬರಹದಲ್ಲಿ ಒಪ್ಪಿಕೊಳ್ಳಿ ಎಂದು ಅವರು ಕೇಳುತ್ತಿದ್ದರು.

ನಮ್ಮ ಹವಾಲ್ದಾರರು ನಲವತ್ತೆರಡಕ್ಕೆ ನಿವೃತ್ತರಾಗಿ ಹನ್ನೊಂದು ವರ್ಷ ಒಂದು ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಕಾವಲು ಮಾಡಿದರು. ಅವರ ಮಗನ ವಯಸ್ಸಿನ ಹುಡುಗರು ಕಾರಿನ ಗಾಜು ಇಳಿಸದೆ ಹಾರನ್ ಬಾರಿಸಿದರೆ ಗೇಟು ತೆಗೆಯುವುದು. ‘ಅದರಲ್ಲೇನು ಮೇಷ್ಟ್ರೇ, ಕಾವಲು ಕಾವಲೇ’ ಎನ್ನುತ್ತಾರೆ. ನೀವು ವಾಸಿಸುವ ಕಟ್ಟಡದ ಗೇಟಿನಲ್ಲಿ ನಿಂತವರು ಹಿಂದೆ ಎಲ್ಲಿ ನಿಂತಿದ್ದರೆಂದು ಒಮ್ಮೆ ಕೇಳಿ ನೋಡಿ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷ ಮುಗಿಸಿದವರಲ್ಲಿ ಉಳಿಸಿಕೊಳ್ಳುವುದು ಗರಿಷ್ಠ ನಾಲ್ಕನೆಯ ಒಂದು ಭಾಗ. ಉಳಿದವರು ಇಪ್ಪತ್ತನಾಲ್ಕು ಇಪ್ಪತ್ತೈದರ ಹರೆಯದಲ್ಲೇ, ಪಿಂಚಣಿಯಿಲ್ಲದೆ, ಒಂದು ಗಂಟಿನೊಡನೆ ಊರಿಗೆ ಮರಳುತ್ತಾರೆ. ‘ನಾನು ಎಷ್ಟು ಸೈನಿಕ?’ ಎಂಬ ಪ್ರಶ್ನೆಯನ್ನು ಆ ಮಕ್ಕಳು ನಮ್ಮ ಹವಾಲ್ದಾರರಿಗಿಂತಲೂ ಗಟ್ಟಿಯಾಗಿ ಕೇಳಿಕೊಳ್ಳಬೇಕಾಗುತ್ತದೆ. ಅವರಿಗೆ ನಾವು ಸಿದ್ಧರಾಗಿರಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಬದಿಯನ್ನೂ ಹೇಳಬೇಕು. ಸೈನಿಕರನ್ನು ದೇವರ ಪೀಠದಲ್ಲಿ ಕೂರಿಸುವುದು ನನಗೆ ಒಪ್ಪಿಗೆಯಿಲ್ಲ. ‘ಗಡಿಯಲ್ಲಿ ಯೋಧ ನಿಂತಿದ್ದಾನೆ, ನೀನು ಬ್ಯಾಂಕಿನ ಸಾಲಿನಲ್ಲಿ ನಿಲ್ಲಲಾರೆಯಾ?’ ಎಂದು ಕಂಡಕಂಡವರ ಬಾಯಿ ಮುಚ್ಚಿಸಲು ಯೋಧನನ್ನು ಬಳಸುವುದು ಯೋಧನಿಗೆ ಮಾಡುವ ಗೌರವವಲ್ಲ. ಸಮವಸ್ತ್ರದ ನೆನಪಿನಿಂದ ಉಳಿದವರನ್ನೆಲ್ಲ ಕೀಳಾಗಿ ಕಾಣುವ ಕೆಲವು ಮಾಜಿ ಸೈನಿಕರನ್ನೂ ನಾನು ಬಲ್ಲೆ. ಆದರೆ ಯೋಚಿಸಿ ನೋಡಿದರೆ, ಎದೆಯುಬ್ಬಿಸಿ ನಡೆಯುವವರೂ ತಲೆತಗ್ಗಿಸಿ ಕೂರುವವರೂ ಹಿಡಿದಿರುವುದು ಒಂದೇ ಕೋಲು. ಸೇವೆಯೆಂದರೆ ಸಾಹಸ ಎಂಬ ಕೋಲು. ಒಬ್ಬರಿಗೆ ಅದು ಊರುಗೋಲಾಗಿದೆ, ಇನ್ನೊಬ್ಬರಿಗೆ ಬೆನ್ನ ಮೇಲಿನ ಬೆತ್ತವಾಗಿದೆ.

ಮತ್ತೆ ಸಂಕ್ರಾಂತಿಯ ಸಂಜೆಗೆ ಬರುತ್ತೇನೆ. ಜನವರಿ 14 ಸೇನೆಯ ನಿವೃತ್ತರ ದಿನವೂ ಹೌದು. ಸ್ವತಂತ್ರ ಭಾರತದ ಮೊದಲ ಭಾರತೀಯ ಮಹಾದಂಡನಾಯಕ ಕಾರ್ಯಪ್ಪನವರು ನಿವೃತ್ತರಾದದ್ದು 1953ರ ಈ ದಿನ. ಅವರು ಅಧಿಕಾರ ವಹಿಸಿಕೊಂಡ 1949ರ ಜನವರಿ 15 ಸೇನಾ ದಿನವಾದರೆ, ಬಿಟ್ಟುಕೊಟ್ಟ ದಿನ ನಿವೃತ್ತರದ್ದು. ಇದನ್ನು ಹೇಳಿ ನಾನು, ‘ಹವಾಲ್ದಾರರೇ, ಎರಡು ಸಾವಿರದ ಇಸವಿಯಲ್ಲಿ ನಿಮ್ಮನ್ನು ವೇದಿಕೆಗೆ ಕರೆಯದಂತೆ ಮಾಡಿದವನು ನಾನೇ’ ಎಂದೆ. ಗಂಟಲು ಕಟ್ಟಿತ್ತು.

ಅವರು ನಕ್ಕರು. ‘ಗೊತ್ತು ಮೇಷ್ಟ್ರೇ. ಆವತ್ತು ನನ್ನ ಮಗಳಿಗೆ ಕೈಬರಹಕ್ಕೆ ಬಹುಮಾನ ಕೊಟ್ಟಿರಿ. ಜ್ಯಾಮಿಟ್ರಿ ಬಾಕ್ಸು. ಈಗಲೂ ಇಟ್ಕೊಂಡಿದ್ದಾಳೆ.’

ಆಮೇಲೆ ನಾನು ಹಿಂದೆ ಕೇಳದೆ ಬಿಟ್ಟಿದ್ದ ಪ್ರಶ್ನೆಯನ್ನು ಕೇಳಿದೆ. ‘ನಿಮ್ಮ ಕೆಲಸ ಏನಿತ್ತು? ಒಂದು ರಾತ್ರಿ ಹೇಗಿರುತ್ತಿತ್ತು?’ ಯುದ್ಧ ಮಾಡಿದಿರಾ ಎಂದು ಕೇಳಲಿಲ್ಲ. ಅವರು ಎಳ್ಳು ಬೆಲ್ಲವನ್ನು ತಟ್ಟೆಗೆ ಹಾಕಿ, ಕೈ ಒರೆಸಿಕೊಂಡು ಹೇಳತೊಡಗಿದರು.

ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿ ಜೋಜಿಲಾ ಹತ್ತಿ ದ್ರಾಸ್ ಮೂಲಕ ಹೋಗುತ್ತದೆ. 1999ರ ಮೇ, ಜೂನ್‌ನಲ್ಲಿ ತೊಲೊಲಿಂಗ್ ಶಿಖರ ಎದುರಾಳಿಗಳ ಕೈಯಲ್ಲಿತ್ತು. ಅಲ್ಲಿಂದ ರಸ್ತೆಯ ಮೇಲೆ ಹೋಗುವ ವಾಹನಗಳು ಕಾಣುತ್ತಿದ್ದವು. ಫಿರಂಗಿಗಳಿಗೆ ಗುರಿ ಹೇಳುವುದು ಸುಲಭ. ಆದ್ದರಿಂದ ಲಾರಿಗಳು ಹೋಗುತ್ತಿದ್ದದ್ದು ರಾತ್ರಿಯಲ್ಲಿ, ದೀಪವಿಲ್ಲದೆ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಪ್ರಪಾತ, ಹಿಂದೆ ಮದ್ದುಗುಂಡಿನ ಪೆಟ್ಟಿಗೆಗಳು. ಮುಂದಿನ ಗಾಡಿ ಎಲ್ಲಿದೆ ಎಂಬುದನ್ನು ಇಂಜಿನ್ನಿನ ಸದ್ದಿನಿಂದ ತಿಳಿಯಬೇಕು.

‘ನಮಗೊಂದೇ ನಿಯಮ ಮೇಷ್ಟ್ರೇ. ಗಾಡಿ ನಿಲ್ಲಬಾರದು. ಒಂದು ನಿಂತರೆ ಹಿಂದಿನ ನಲವತ್ತು ಗಾಡಿ ನಿಂತ ಹಾಗೆ. ಬೆಳಕಾದರೆ ಎಲ್ಲಾ ಹೋಯ್ತು. ಅದಕ್ಕೇ ಹಗಲೆಲ್ಲಾ ನಿದ್ದೆ ಬಿಟ್ಟು ಗಾಡಿ ನೋಡ್ಕೋತಿದ್ದೆ. ಬೆಲ್ಟು, ಬ್ರೇಕು, ಡೀಸಲ್ ಪೈಪು. ಇಪ್ಪತ್ತನಾಲ್ಕು ವರ್ಷ ಸರ್ವೀಸಿನಲ್ಲಿ ನನ್ನ ಗಾಡಿ ರಸ್ತೆಗೆ ಅಡ್ಡ ನಿಲ್ಲಲಿಲ್ಲ.’

ಇದನ್ನು ಹೇಳುವಾಗ ಅವರ ಬೆನ್ನು ತಾನಾಗಿ ನೆಟ್ಟಗಾಗಿತ್ತು. ಇದು ಅವರ ಸ್ವಂತ ಅಳತೆ. ಯಾರೂ ಕೇಳಿರಲಿಲ್ಲವಾದ್ದರಿಂದ ಹೇಳಿರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಉಳಿದದ್ದನ್ನೂ ಹೇಳಿದರು. ಜೂನಿನ ಒಂದು ರಾತ್ರಿ ದ್ರಾಸ್ ಹತ್ತಿರ ಅವರ ಹಿಂದಿನ ಗಾಡಿಯ ಪಕ್ಕದಲ್ಲೇ ಗುಂಡು ಬಿತ್ತು. ಆ ಗಾಡಿಯನ್ನು ಓಡಿಸುತ್ತಿದ್ದವರು ಅವರ ಜೊತೆಗೇ ಸೇರಿದ, ಒಂದೇ ತಟ್ಟೆಯಲ್ಲಿ ಉಂಡ ಗೆಳೆಯ. ಕನ್ನಡಿಯಲ್ಲಿ ಬೆಂಕಿ ಕಂಡಿತು. ನಿಲ್ಲಿಸಲಿಲ್ಲ. ನಿಲ್ಲಿಸಬಾರದೆಂಬುದು ನಿಯಮ. ನಿಲ್ಲಿಸಿದ್ದರೆ ಏನೂ ಆಗುತ್ತಿರಲಿಲ್ಲವೆಂದೂ, ಇನ್ನಷ್ಟು ಜನ ಸಾಯುತ್ತಿದ್ದರೆಂದೂ ಎಲ್ಲರೂ ಹೇಳಿದರು. ಅಧಿಕಾರಿ ಭುಜ ತಟ್ಟಿದರು. ಮುಂದಿನ ರಾತ್ರಿ ಮತ್ತೆ ಹೊರಟರು.

‘ನನಗೆ ಶಾಲು ಬ್ಯಾಡ ಮೇಷ್ಟ್ರೇ’ ಎಂದರು. ಈ ಬಾರಿ ನಾನು ವಾದಿಸಲಿಲ್ಲ.

ಸತ್ತವರಿಗೆ ಕಲ್ಲು ನಿಲ್ಲಿಸಿದ ನಾಡಿನಲ್ಲಿ ಬದುಕಿ ಬಂದವರು ತಮ್ಮನ್ನು ಆ ಕಲ್ಲಿನ ಪಕ್ಕದಲ್ಲಿ ನಿಲ್ಲಿಸಿಕೊಂಡೇ ಅಳೆದುಕೊಳ್ಳುತ್ತಾರೆ, ಪ್ರತಿ ಸಲವೂ ಕುಳ್ಳಗಾಗುತ್ತಾರೆ. ಇದು ನ್ಯಾಯವಾದ ಅಳತೆಯಲ್ಲವೆಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಆದರೆ ಆ ಲೆಕ್ಕವನ್ನು ಅವರಿಂದ ಕಿತ್ತುಕೊಳ್ಳುವ ಹಕ್ಕು ನನಗಿಲ್ಲ. ಅದರೊಳಗೆ ಅವರ ಗೆಳೆಯನಿದ್ದಾನೆ. ನಾವು ಮಾಡಬಹುದಾದದ್ದು ಚಿಕ್ಕದು. ನಮ್ಮ ಕಡೆಯಿಂದ ಇನ್ನೊಂದು ತೂಕದ ಕಲ್ಲನ್ನು ಆ ತಟ್ಟೆಗೆ ಹಾಕದಿರುವುದು. ‘ಯುದ್ಧ ಮಾಡಿದ್ದೀರಾ? ಎಷ್ಟು ಜನರನ್ನು ಹೊಡೆದಿರಿ? ಪದಕ ಬಂತಾ?’ ಎಂಬ ಪ್ರಶ್ನೆಗಳನ್ನು ಬಿಟ್ಟು, ‘ನಿಮ್ಮ ಕೆಲಸ ಏನಿತ್ತು?’ ಎಂದು ಕೇಳುವುದು. ಕೇಳಿ, ಉತ್ತರ ಮುಗಿಯುವ ತನಕ ಕೂರುವುದು.

ಸಂಘದವರಿಗೆ ನಾನು ವಿಷಯ ತಿಳಿಸಿದೆ. ಸನ್ಮಾನದ ಬದಲು, ಹವಾಲ್ದಾರರು ಒಪ್ಪಿದರೆ, ಅವರ ಗೆಳೆಯನ ಹೆಸರನ್ನು ಧ್ವಜಾರೋಹಣದ ಮುನ್ನ ಓದಬಹುದೇ ಎಂದು ಕೇಳಿದೆ. ಅವರು ಒಪ್ಪಿದರು. ಜನವರಿ 26ರ ಬೆಳಿಗ್ಗೆ ಹವಾಲ್ದಾರರು ಎಲ್ಲರಿಗಿಂತ ಮೊದಲು ಬಂದು, ಹುಡುಗರು ಕಟ್ಟಿದ್ದ ಧ್ವಜದ ಗಂಟನ್ನು ಬಿಚ್ಚಿ ತಾವೇ ಮತ್ತೆ ಕಟ್ಟಿದರು. ಹೆಸರು ಓದುವಾಗ ಹಿಂದಿನ ಸಾಲಿನಲ್ಲಿ ನಿಂತಿದ್ದರು. ನಾನೂ ಹೋಗಿ ಅವರ ಪಕ್ಕದಲ್ಲಿ ನಿಂತೆ.

ನನ್ನ ವಿದ್ಯಾರ್ಥಿಗಳಲ್ಲಿ ಭೂಸೇನೆ, ನೌಕಾಪಡೆ, ವಾಯುಪಡೆಗಳಲ್ಲಿ ದುಡಿದವರು ಹತ್ತಾರು ಮಂದಿ ಇದ್ದೀರಿ. ಅಡುಗೆ ಮಾಡಿದವರು, ರೇಡಿಯೋ ರಿಪೇರಿ ಮಾಡಿದವರು, ಉಗ್ರಾಣದ ಲೆಕ್ಕ ಬರೆದವರು, ಗಾಯಾಳುಗಳನ್ನು ಹೊತ್ತವರು. ಬಿಡುವಾದಾಗ ನನಗೆ ಬರೆಯಿರಿ, ಅಥವಾ ಮನೆಗೇ ಬನ್ನಿ. ಯುದ್ಧದ ಕಥೆ ಬೇಡ. ನಿಮ್ಮ ಗಾಡಿಯನ್ನು ಹೇಗೆ ನೋಡಿಕೊಂಡಿರಿ ಎಂಬುದನ್ನು ಹೇಳಿ. ಈ ಸಲ ಮೇಷ್ಟ್ರು ಪೂರ್ತಿ ಕೇಳುತ್ತಾರೆ.